ಸೀಲ್ ಬದಲಿಸಿದರೂ ನಿಲ್ಲದ ಗೇರ್ ಬಾಕ್ಸ್ ಸೋರಿಕೆ: ಒಂದು ಬೈಕಿನ ಪ್ರಕರಣ ಅಧ್ಯಯನ

ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲುಚಕ್ರ) ಕವರಿನ ಕೆಳಗೆ ಎಣ್ಣೆ ಕಂಡರೆ ಸಾಕು, “ಗೇರ್ ಶಾಫ್ಟ್ ಸೀಲ್ ಹೋಗಿದೆ” ಎಂಬ ತೀರ್ಪು ಬಂದುಬಿಡುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಅದೇ ಜಾಗಕ್ಕೆ ಎಣ್ಣೆ ತಂದು ಸುರಿಯಬಲ್ಲ ದಾರಿಗಳು ಇನ್ನೂ ಆರೇಳಿವೆ. ಇಲ್ಲಿ ವಿವರಿಸುತ್ತಿರುವ ಬೈಕಿಗೆ ಹೊಸ ಸೀಲ್ ಹಾಕಿಯಾಗಿತ್ತು. ಕೆಲವೇ ವಾರಗಳಲ್ಲಿ ನೆಲದ ಮೇಲೆ ಅದೇ ಕಲೆ ಮತ್ತೆ ಕಾಣಿಸಿಕೊಂಡಿತು.

ಗಾಡಿಯ ವಿವರ: ಏರ್ ಕೂಲ್ಡ್, ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್, ಐದು ಗೇರ್, ಚೈನ್ ಡ್ರೈವ್, ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ವೆಟ್ ಕ್ಲಚ್. ಮೀಟರಿನಲ್ಲಿ ಸುಮಾರು 38,000 ಕಿ.ಮೀ. ಆಯಿಲ್ ಬದಲಿಸುವಾಗ ಹಾಕಬೇಕಾದ ಪ್ರಮಾಣ 1.1 ಲೀಟರ್. ಮುಂದಿನ ಸ್ಪ್ರಾಕೆಟ್ ಎಡಗಡೆ, ಡಿಪ್‌ಸ್ಟಿಕ್ ಬಲಗಡೆ. ಈ ಎರಡು ಜಾಗಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡೂ ಮುಖ್ಯವಾಗುತ್ತವೆ.

ಸವಾರರ ದೂರು ಹೀಗಿತ್ತು: “ಗೇರ್ ಆಯಿಲ್ ಸೋರುತ್ತಿದೆ. ಬೆಳಿಗ್ಗೆ ನೋಡಿದರೆ ಗಾಡಿಯಡಿ ಎಡಕ್ಕೆ ತೊಟ್ಟುಗಳು. ಹಿಂದಿನ ರಿಮ್ಮಿನ ಮೇಲೂ ಜಿಡ್ಡು. 500–600 ಕಿ.ಮೀ.ಗೆ ಸುಮಾರು 100 ಮಿ.ಲೀ. ಟಾಪ್ ಅಪ್ ಮಾಡಬೇಕಾಗುತ್ತಿದೆ.” ಸೈಲೆನ್ಸರಿನಲ್ಲಿ ಹೊಗೆ ಇಲ್ಲ, ಕ್ಲಚ್ ಜಾರುತ್ತಿಲ್ಲ, ಗೇರ್ ಸರಾಗವಾಗಿಯೇ ಬೀಳುತ್ತಿದೆ.

ಮೊದಲ ಪ್ರಶ್ನೆ: ಸೋರುತ್ತಿರುವುದು ಯಾವ ದ್ರವ?

ಕಾರಿನಲ್ಲಿರುವಂತೆ ಪ್ರತ್ಯೇಕ ಟ್ರಾನ್ಸ್‌ಮಿಷನ್ ಆಯಿಲ್ ಹೆಚ್ಚಿನ ಬೈಕುಗಳಲ್ಲಿ ಇಲ್ಲ. ಈ ಗಾಡಿಯಲ್ಲೂ ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಮೂರಕ್ಕೂ ಒಂದೇ ಎಣ್ಣೆ. ಹಾಗಾಗಿ ‘ಗೇರ್ ಆಯಿಲ್ ಲೀಕ್’ ಎಂದರೆ ಇಲ್ಲಿ ಎಂಜಿನ್ ಆಯಿಲ್ಲೇ ಲೀಕ್. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗೇರ್ ಶಾಫ್ಟಿನ ಬಳಿ ಎಣ್ಣೆ ಹೋಗುತ್ತಿದ್ದರೆ ಖಾಲಿಯಾಗುವುದು ಕ್ಯಾಮ್ ಶಾಫ್ಟಿಗೂ ಪಿಸ್ಟನ್ನಿಗೂ ಸಿಗಬೇಕಾದ ಅದೇ ಎಣ್ಣೆ.

ನೆಲದ ತೊಟ್ಟನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡಬೇಕು. ಕಂದು ಅಥವಾ ಕಪ್ಪು ಬಣ್ಣವಿದ್ದು, ಬೆರಳಿನ ನಡುವೆ ನುಣುಪಾಗಿ ಜಾರಿದರೆ ಎಂಜಿನ್ ಆಯಿಲ್. ದಪ್ಪಗೆ ಅಂಟಿಕೊಂಡು ಎಳೆ ಬಂದರೆ ಅದು ಚೈನಿಗೆ ಹೊಡೆದ ಲೂಬ್ ಇರಬಹುದು. ಸ್ಪ್ರಾಕೆಟ್ ಕವರಿನೊಳಗೆ ಅದು ಮಣ್ಣಿನೊಂದಿಗೆ ಸೇರಿ ಮೆತ್ತಿಕೊಂಡಿರುತ್ತದೆ, ಬಿಸಿಯಾದಾಗ ಕರಗಿ ಒಂದೆರಡು ತೊಟ್ಟು ಕೆಳಗಿಳಿಯುವುದೂ ಉಂಟು. ಬ್ರೇಕ್ ಆಯಿಲ್ ಎಂಬ ಅನುಮಾನವಿದ್ದರೆ ಒಂದು ಲೋಟ ನೀರಿಗೆ ಆ ತೊಟ್ಟು ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ, ಎಂಜಿನ್ ಆಯಿಲ್ ಮೇಲೆ ತೇಲುತ್ತದೆ. ಇಲ್ಲಿನ ತೊಟ್ಟು ತೇಲಿತು. ಡಿಪ್‌ಸ್ಟಿಕ್ಕಿನಿಂದ ಒರೆಸಿಕೊಂಡ ಎಣ್ಣೆಯ ಪಕ್ಕದಲ್ಲಿಟ್ಟರೆ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ದ್ರವ ಯಾವುದೆಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಲೆಕ್ಕ ಕೂಡದ ಜಾಗ

ಸವಾರರು ಹೇಳಿದ 100 ಮಿ.ಲೀ.ಗೂ ನೆಲದ ಕಲೆಗೂ ತಾಳೆಯಾಗುತ್ತದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಎಣ್ಣೆಯ ಒಂದು ತೊಟ್ಟು ಅಂದಾಜು 0.05 ಮಿ.ಲೀ., ಅಂದರೆ 20 ತೊಟ್ಟಿಗೆ 1 ಮಿ.ಲೀ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ರಾತ್ರಿಯಿಡೀ ಕಾಗದ ಹಾಸಿಟ್ಟಾಗ ಬಿದ್ದದ್ದು 14 ತೊಟ್ಟು, ಮುಕ್ಕಾಲು ಮಿ.ಲೀ.ಗಿಂತಲೂ ಕಡಿಮೆ. ಓಡುವಾಗ ಇದಕ್ಕಿಂತ ಹೆಚ್ಚು ಹೋಗುತ್ತದೆ ಎಂದೇ ಇಟ್ಟುಕೊಳ್ಳೋಣ. ಆದರೂ 600 ಕಿ.ಮೀ.ಗೆ 100 ಮಿ.ಲೀ. ಹೊರಗೆ ಬಿದ್ದಿದ್ದರೆ ಹಿಂದಿನ ಟೈರು, ಸ್ವಿಂಗ್ ಆರ್ಮ್, ಚೈನ್ ಗಾರ್ಡ್ ಎಲ್ಲವೂ ತೊಯ್ದು ತೊಪ್ಪೆಯಾಗಿರಬೇಕಿತ್ತು. ಇಲ್ಲಿ ಇದ್ದದ್ದು ರಿಮ್ಮಿನ ಮೇಲೆ ಸಿಡಿದ ಚುಕ್ಕೆಗಳು, ಸ್ವಿಂಗ್ ಆರ್ಮಿನ ಒಳಬದಿಯಲ್ಲಿ ತೆಳುವಾದ ಜಿಡ್ಡು. ಹೊಗೆಯಿಲ್ಲದ ಕಾರಣ ಅಷ್ಟು ಎಣ್ಣೆ ಉರಿದುಹೋಗುತ್ತಿದೆ ಎನ್ನಲೂ ಆಧಾರವಿರಲಿಲ್ಲ. ಹಾಗಾದರೆ ತಪ್ಪಿರುವುದು ಅಳತೆಯೇ?

ಲೆವೆಲ್ ಹೇಗೆ ನೋಡುತ್ತೀರಿ ಎಂದು ಕೇಳಿದಾಗ ಉತ್ತರ ಸಿಕ್ಕಿತು. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಇದ್ದಂತೆಯೇ ಡಿಪ್‌ಸ್ಟಿಕ್ ತೆಗೆದು ನೋಡುತ್ತಿದ್ದರು. ಗಾಡಿ ಎಡಕ್ಕೆ ವಾಲಿದಾಗ ಎಣ್ಣೆ ಎಡಕ್ಕೆ ಸರಿಯುತ್ತದೆ, ಬಲಗಡೆಯ ಡಿಪ್‌ಸ್ಟಿಕ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಡಿಮೆ ಕಂಡಾಗಲೆಲ್ಲ ಸುರಿಯುತ್ತಾ ಬಂದ ಎಣ್ಣೆ ಎಲ್ಲೂ ಹೋಗಿರಲಿಲ್ಲ, ಒಳಗೇ ಇತ್ತು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಮೂರು ನಿಮಿಷ ಐಡ್ಲಿಂಗ್ ಓಡಿಸಿ, ಆಫ್ ಮಾಡಿ ಮೂರು ನಿಮಿಷ ಬಿಟ್ಟು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ಆಮೇಲೆ ಕೆಲಸಕ್ಕೆಂದು ಇಳಿಸಿದಾಗ ಡ್ರೈನ್ ಆದದ್ದು 1.25 ಲೀಟರ್. ಅದೂ ಸೋರುತ್ತಿದ್ದ ಗಾಡಿಯಿಂದ.

ಎಣ್ಣೆ ಹೆಚ್ಚಾದರೆ ಸೋರಿಕೆ ಎರಡು ರೀತಿಯಲ್ಲಿ ಬಲಿಯುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ನಿಂತಾಗ ಎಡಗಡೆಯ ಶಾಫ್ಟ್ ಬಾಯಿ ಎಣ್ಣೆಯಲ್ಲಿ ಇನ್ನಷ್ಟು ಆಳಕ್ಕೆ ಮುಳುಗಿರುತ್ತದೆ. ಓಡುವಾಗ ಕ್ರ್ಯಾಂಕ್ ಕೇಸಿನೊಳಗೆ ಗಾಳಿಗಿರುವ ಜಾಗ ಕಡಿಮೆಯಾಗಿ, ಪಿಸ್ಟನ್ ಕೆಳಗಿಳಿದಾಗಲೆಲ್ಲ ಒತ್ತಡ ಹೆಚ್ಚು ಏರುತ್ತದೆ. ಆ ಒತ್ತಡವನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಇದೇ ಪರಿಣಾಮ. ಆದ್ದರಿಂದ ಇದೇ ಹಂತದಲ್ಲಿ ಬ್ರೀದರ್ ಪೈಪನ್ನು ಎರಡೂ ತುದಿ ಬಿಚ್ಚಿ ಊದಿ ನೋಡಲಾಯಿತು. ಮಡಚಿಕೊಂಡಿರಲಿಲ್ಲ, ಒಳಗೆ ಹಾಲಿನಂಥ ಕೆಸರೂ ಇರಲಿಲ್ಲ, ಗಾಳಿ ಸಲೀಸಾಗಿ ಹೋಯಿತು. ಬ್ರೀದರ್ ಆರೋಪಪಟ್ಟಿಯಿಂದ ಹೊರಬಿತ್ತು.

ತೊಳೆಯುವ ಮೊದಲು ನೋಡುವುದು

ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಯ ಹೊಡೆತಕ್ಕೆ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ತೊಟ್ಟಿಕ್ಕುವ ಜಾಗವನ್ನಲ್ಲ, ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಅಂಚನ್ನು ಹುಡುಕಬೇಕು. ಈ ಗಾಡಿಯಲ್ಲಿ ಹೆಡ್ ಕವರ್, ಸಿಲಿಂಡರ್ ಬೇಸ್ ಪ್ಯಾಕಿಂಗ್, ಮ್ಯಾಗ್ನೆಟ್ ಕವರಿನ ಗ್ಯಾಸ್ಕೆಟ್, ಅದರಿಂದ ವೈರ್ ಹೊರಬರುವ ರಬ್ಬರ್ ಗ್ರಾಮೆಟ್ ಎಲ್ಲವೂ ಒಣಗಿದ್ದವು, ಧೂಳು ಒಣಧೂಳಾಗಿಯೇ ಇತ್ತು. ಒದ್ದೆ ಶುರುವಾಗುತ್ತಿದ್ದದ್ದು ಸ್ಪ್ರಾಕೆಟ್ ಕವರಿನ ಒಳಗೇ.

ಕವರ್ ಬಿಚ್ಚಿದಾಗ ಕಂಡದ್ದು ಚೈನ್ ಲೂಬ್, ಮಣ್ಣು, ಎಣ್ಣೆ ಮೂರೂ ಸೇರಿದ ಕಪ್ಪು ಹೂರಣ. ಈ ಸ್ಥಿತಿಯಲ್ಲಿ ಟಾರ್ಚ್ ಹಿಡಿದು ನೋಡಿದವರಿಗೆ ಸೀಲ್, ಗೇರ್ ಲಿವರ್ ಶಾಫ್ಟ್, ನ್ಯೂಟ್ರಲ್ ಸ್ವಿಚ್ ಎಲ್ಲವೂ ಒಂದೇ ಸಮನೆ ಒದ್ದೆ. ಹಿಂದಿನ ಸಲ ಸೀಲ್ ಬದಲಿಸಿದವರು ನಿಂತದ್ದು ಇಲ್ಲೇ ಎಂದು ತೋರುತ್ತದೆ. ಒದ್ದೆಯಾದ ಭಾಗಗಳಲ್ಲಿ ದೊಡ್ಡದು ಸೀಲ್, ಹಾಗಾಗಿ ಅದನ್ನೇ ಬದಲಿಸಿದರು.

ಒಂದು ಫೋಟೋ ತೆಗೆದಿಟ್ಟುಕೊಂಡು ಆಮೇಲೆ ತೊಳೆಯಬೇಕು. ಮೊದಲು ಮರದ ಕಡ್ಡಿಯಿಂದ ಕೆರೆದು ದಪ್ಪ ಕೊಳೆ ತೆಗೆಯುವುದು, ನಂತರ ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು, ಬಟ್ಟೆಯಲ್ಲಿ ಒರೆಸುವುದು, ಕೊನೆಗೆ ಬ್ರೇಕ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸುವುದು. ಬ್ರೇಕ್ ಕ್ಲೀನರ್ ಚೈನಿನ ಓ-ರಿಂಗುಗಳ (ಸಣ್ಣ ರಬ್ಬರ್ ಬಳೆಗಳ) ಮೇಲೆ ಬೀಳದಂತೆ ಬಟ್ಟೆ ಮುಚ್ಚಿ. ಪ್ರೆಷರ್ ವಾಷರಿನ ನಳಿಕೆಯನ್ನು ಸೀಲಿನ ತುಟಿಗೆ, ಅಂದರೆ ತಿರುಗುವ ಭಾಗವನ್ನು ಒತ್ತಿ ಕೂರುವ ರಬ್ಬರ್ ಅಂಚಿಗೆ, ನೇರವಾಗಿ ಹಿಡಿಯಲೇಬಾರದು. ಒಳಗಿನ ಎಣ್ಣೆಯನ್ನು ತಡೆಯಲು ಮಾಡಿದ ತುಟಿ ಹೊರಗಿನಿಂದ ಬರುವ ನೀರಿನ ರಭಸವನ್ನು ತಡೆಯುವುದಿಲ್ಲ. ನೀರಿನ ಜೊತೆ ಮರಳಿನ ಕಣವೂ ಒಳಹೋಗಿ ಕೂತರೆ ಸೀಲಿನ ಆಯುಸ್ಸು ಅಲ್ಲಿಗೆ ಮುಗಿಯಿತು.

ಅನುಮಾನಿತರು

ಈ ಜಾಗದಲ್ಲಿ ಎಣ್ಣೆ ಹೊರಬರಬಲ್ಲ ಬಾಯಿಗಳು ಇವು: ಸ್ಪ್ರಾಕೆಟ್ ಕೂರುವ ಔಟ್‌ಪುಟ್ ಶಾಫ್ಟಿನ ದೊಡ್ಡ ಸೀಲ್, ಗೇರ್ ಲಿವರ್ ಶಾಫ್ಟಿನ ಸಣ್ಣ ಸೀಲ್, ನ್ಯೂಟ್ರಲ್ ಸ್ವಿಚ್ಚಿನ ಓ-ರಿಂಗ್, ಕ್ಲಚ್ ಪುಷ್ ರಾಡ್ ಎಡಕ್ಕೆ ಹೊರಬರುವ ಎಂಜಿನ್ನುಗಳಲ್ಲಿ ಅದರ ಸೀಲ್, ಎರಡು ಕೇಸುಗಳ ಜೋಡಣೆ. ಹಿಂದೆಂದಾದರೂ ಚೈನ್ ತುಂಡಾಗಿದ್ದರೆ ಸ್ಪ್ರಾಕೆಟ್ಟಿನ ಹಿಂದೆ ಕೇಸೇ ಬಿರುಕು ಬಿಟ್ಟಿರಬಹುದು. ಈ ಪಟ್ಟಿಯಲ್ಲಿ ಸುಲಭವಾಗಿ ಮರೆತುಹೋಗುವುದು ಇನ್ನೊಂದಿದೆ: ಶಾಫ್ಟಿನ ಮೇಲಿನ ಕಾಲರಿನ ಒಳಗೆ ಕೂರುವ ಓ-ರಿಂಗ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಎಂಜಿನ್ನುಗಳಲ್ಲಿ ಸೀಲಿನ ತುಟಿ ನೇರವಾಗಿ ಶಾಫ್ಟಿನ ಮೇಲೆ ಕೂರುವುದಿಲ್ಲ. ಶಾಫ್ಟಿನ ಮೇಲೆ ಉಕ್ಕಿನ ಒಂದು ಕಾಲರ್ ತೂರಿಸಿರುತ್ತಾರೆ, ಬುಷ್ ಅಥವಾ ಸ್ಪೇಸರ್ ಎಂದೂ ಕರೆಯುತ್ತಾರೆ. ಸೀಲಿನ ತುಟಿ ಉಜ್ಜುವುದು ಆ ಕಾಲರಿನ ಹೊರಮೈಯನ್ನು. ಹೀಗಾಗಿ ಎಣ್ಣೆಗೆ ದಾರಿಗಳು ಮೂರು. ಮೊದಲನೆಯದು ಸೀಲಿನ ಹೊರ ಅಂಚಿಗೂ ಕೇಸಿಗೂ ನಡುವೆ. ಎರಡನೆಯದು ಸೀಲಿನ ತುಟಿಗೂ ಕಾಲರಿನ ಹೊರಮೈಗೂ ನಡುವೆ. ಮೂರನೆಯದು ಕಾಲರಿನ ಒಳಮೈಗೂ ಶಾಫ್ಟಿಗೂ ನಡುವೆ. ಸೀಲ್ ಕಾಯುವುದು ಮೊದಲ ಎರಡನ್ನು ಮಾತ್ರ. ಮೂರನೆಯದನ್ನು ಕಾಯುವುದು ಬೆರಳುಂಗುರದಷ್ಟಿರುವ ಓ-ರಿಂಗ್. ಕಾಲರ್ ಎಳೆಯದೆ ಸೀಲ್ ಒಂದನ್ನೇ ಬದಲಿಸಲು ಬರುತ್ತದೆ, ಆಗ ಓ-ರಿಂಗ್ ಕಣ್ಣಿಗೇ ಬೀಳುವುದಿಲ್ಲ.

ಪೌಡರ್ ಹೇಳಿದ ಸಾಕ್ಷಿ

ಒಣಗಿದ ಜಾಗಕ್ಕೆಲ್ಲ ಟಾಲ್ಕಂ ಪೌಡರನ್ನು ತೆಳುವಾಗಿ ಊದಲಾಯಿತು. ಎಣ್ಣೆ ತಾಗಿದ ಕಡೆ ಬಿಳಿ ಹೋಗಿ ಕಪ್ಪು ಗೆರೆ ಮೂಡುತ್ತದೆ. ಎಣ್ಣೆಗೆ ಬೆರೆಸುವ ಯುವಿ ಡೈ ಮತ್ತು ಯುವಿ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ವೆಟ್ ಕ್ಲಚ್ ಇರುವ ಗಾಡಿಗೆ ಅದಕ್ಕೆ ಹೊಂದುವ ಡೈಯನ್ನೇ, ಬಾಟಲಿಯ ಮೇಲೆ ಹೇಳಿದಷ್ಟೇ ಹಾಕಬೇಕು. ಕಣ್ಣಿಗೆ ಕಾಣುವಷ್ಟು ಸೋರುವ ಇಂಥ ಪ್ರಕರಣಕ್ಕೆ ಪೌಡರೇ ಸಾಕು.

ಪರೀಕ್ಷೆಯ ಕ್ರಮಕ್ಕೆ ಒಂದು ಕಾರಣವಿದೆ. ನ್ಯೂಟ್ರಲಿನಲ್ಲಿ ಎಂಜಿನ್ ಓಡಿಸಿದರೆ ಔಟ್‌ಪುಟ್ ಶಾಫ್ಟ್ ತಿರುಗುವುದಿಲ್ಲ, ಚೈನ್ ನಿಂತೇ ಇರುತ್ತದೆ. ಆದ್ದರಿಂದ ಅರ್ಧ ಗಂಟೆ ಐಡ್ಲಿಂಗ್ ಓಡಿಸಿ “ಸೀಲ್ ಸರಿಯಾಗಿದೆ” ಎಂದರೆ ಆ ಮಾತಿಗೆ ಬೆಲೆಯಿಲ್ಲ. ತಿರುಗುವ ಸೀಲನ್ನು ತಿರುಗಿಸಿಯೇ ಪರೀಕ್ಷಿಸಬೇಕು. ಹಾಗೆಂದು ಕವರ್ ಬಿಚ್ಚಿಟ್ಟು, ಹಿಂದಿನ ಚಕ್ರ ಎತ್ತಿ, ಗೇರ್ ಹಾಕಿ ಹತ್ತಿರ ಬಗ್ಗಿ ನೋಡುವುದು ಬೇಡ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬಟ್ಟೆಯ ತುದಿ ಸಿಕ್ಕಿದರೂ ಬೆರಳು ಹೋಗುತ್ತದೆ. ಕವರ್ ಹಾಕಿ, ಸ್ವಲ್ಪ ದೂರ ಓಡಿಸಿ, ಎಂಜಿನ್ ಆಫ್ ಮಾಡಿ, ಕವರ್ ತೆಗೆದು ನೋಡುವುದೇ ಸರಿ.

ಸೆಂಟರ್ ಸ್ಟ್ಯಾಂಡಿನಲ್ಲಿ ರಾತ್ರಿಯಿಡೀ ನಿಲ್ಲಿಸಿದಾಗ ಒಂದು ತೊಟ್ಟೂ ಬೀಳಲಿಲ್ಲ. ಸೈಡ್ ಸ್ಟ್ಯಾಂಡಿನಲ್ಲಿ ಮತ್ತೆ ಬಿತ್ತು. ಅಂದರೆ ಬಾಯಿ ಎಡಗಡೆಯಲ್ಲೇ ಇದೆ, ನೆಟ್ಟಗೆ ನಿಂತಾಗಿನ ಎಣ್ಣೆಯ ಮಟ್ಟಕ್ಕಿಂತ ಸ್ವಲ್ಪ ಮೇಲೇ ಇದೆ. ಡ್ರೈನ್ ಬೋಲ್ಟ್, ಕೇಸಿನ ತಳದ ಜೋಡಣೆ ಇದರಿಂದ ತಪ್ಪಿಸಿಕೊಂಡವು, ಅವು ಸೋರುವಂತಿದ್ದರೆ ಎರಡೂ ಸ್ಟ್ಯಾಂಡಿನಲ್ಲಿ ಸೋರಬೇಕು. ನಂತರ 10 ಕಿ.ಮೀ. ಓಡಿಸಿ ಕವರ್ ತೆಗೆದಾಗ ಗೇರ್ ಲಿವರ್ ಶಾಫ್ಟಿನ ಸುತ್ತ ಪೌಡರ್ ಹಾಗೇ ಇತ್ತು, ನ್ಯೂಟ್ರಲ್ ಸ್ವಿಚ್ಚಿನ ಸುತ್ತಲೂ ಇತ್ತು. ಮೊದಲು ಕಂಡ ಅಲ್ಲಿನ ಒದ್ದೆ ಸ್ಪ್ರಾಕೆಟ್ ಸಿಡಿಸಿದ್ದು.

ಸಣ್ಣ ಕನ್ನಡಿಯನ್ನು ಸ್ಪ್ರಾಕೆಟ್ಟಿನ ಹಿಂದೆ ತೂರಿಸಿ ಟಾರ್ಚ್ ಬಿಟ್ಟಾಗ ಉತ್ತರ ನಿಚ್ಚಳವಾಗಿ ಕಂಡಿತು. ಸೀಲಿನ ಮುಖ ಪೂರ್ತಿ ಬಿಳಿ. ಕೇಸಿಗೆ ಕೂಡುವ ಹೊರ ಅಂಚು ಬಿಳಿ, ತುಟಿಯ ಸುತ್ತಲೂ ಬಿಳಿ. ಕಾಲರ್ ಮುಗಿದು ಸ್ಪ್ರಾಕೆಟ್ ಶುರುವಾಗುವ ಸಂದಿನಿಂದ ಮಾತ್ರ ಕೂದಲೆಳೆಯಂಥ ಕಪ್ಪು ಗೆರೆಗಳು ಸ್ಪ್ರಾಕೆಟ್ಟಿನ ಹಲ್ಲುಗಳತ್ತ ಹರಡಿದ್ದವು. ಹೊರಗಡೆ ನಟ್ಟಿನ ಕೆಳಗಿನ ಲಾಕ್ ವಾಷರಿನ ಅಂಚಿನಲ್ಲೂ ಎಣ್ಣೆ ಜಿನುಗಿತ್ತು. ಸೀಲಿನ ತುಟಿ ಸೋರಿದ್ದರೆ ಕಾಲರಿನ ಸುತ್ತ, ಸೀಲಿನ ಮುಖದ ಮೇಲೆ ಒದ್ದೆ ಉಂಗುರ ಮೂಡಿ ಅಲ್ಲಿಂದ ಕೇಸಿನ ಮೇಲೆ ಕೆಳಗಿಳಿಯಬೇಕಿತ್ತು. ಶಾಫ್ಟಿನ ಸ್ಪ್ಲೈನ್ (ಸ್ಪ್ರಾಕೆಟ್ ಕೂರುವ ಹಲ್ಲಿನಂಥ ಏಣುಗಳು) ಸಂದುಗಳ ಒಳಗಿಂದ ಎಣ್ಣೆ ಬರುತ್ತಿದೆ ಎಂದರೆ ಅದು ಮೂರನೆಯ ದಾರಿ, ಓ-ರಿಂಗ್. ಹಿಂದೆ ಹಾಕಿದ್ದ ಹೊಸ ಸೀಲಿನಲ್ಲಿ ಯಾವ ದೋಷವೂ ಇರಲಿಲ್ಲ.

ಓ-ರಿಂಗ್ ಏಕೆ ಹೋಯಿತು?

ಇಲ್ಲಿಗೆ ನಿಲ್ಲಿಸಿ ಓ-ರಿಂಗ್ ಹಾಕಿ ಕಳಿಸಿದ್ದರೂ ಸೋರಿಕೆ ನಿಲ್ಲುತ್ತಿತ್ತು, ಆದರೆ ಎಷ್ಟು ದಿನ ಎಂಬುದು ಬೇರೆ ಮಾತು. ಭಾಗ ಏಕೆ ಸೋತಿತು ಎಂದು ಕೇಳದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಚೈನ್ ಅಳೆದಾಗ ಒಂದು ಸುಳಿವು ಸಿಕ್ಕಿತು. ಈ ಗಾಡಿಗೆ ಇರಬೇಕಾದ ಸಡಿಲ 25–30 ಮಿ.ಮೀ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಚೈನ್ ಅತಿ ಬಿಗಿಯಾಗುವ ಜಾಗದಲ್ಲಿ ಅಳೆದರೆ ಇದ್ದದ್ದು 10 ಮಿ.ಮೀ. ಸಸ್ಪೆನ್ಷನ್ ಕುಗ್ಗಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವೋಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಸಾಲಿಗೆ ಬಂದಾಗ ಚೈನಿಗೆ ಅತಿ ಹೆಚ್ಚು ಉದ್ದ ಬೇಕು. ನಿಂತಾಗಲೇ 10 ಮಿ.ಮೀ. ಇದ್ದರೆ, ಹಿಂದೆ ಒಬ್ಬರು ಕೂತು ಹಳ್ಳಕ್ಕೆ ಇಳಿದಾಗ ಚೈನ್ ತಂತಿಯಾಗಿ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ, ಸೀಲಿನ ತುಟಿ ಒಂದು ಬದಿ ಹಿಚುಕಿ ಇನ್ನೊಂದು ಬದಿ ಬಾಯಿ ಬಿಡುತ್ತದೆ.

ಎರಡನೆಯ ಸುಳಿವು ಸ್ಪ್ರಾಕೆಟ್ ನಟ್ಟಿನಲ್ಲಿತ್ತು. ಲಾಕ್ ವಾಷರಿನ ಕಿವಿ ಹಿಂದೊಮ್ಮೆ ಬಿಡಿಸಿ ಮತ್ತೆ ಮಡಚಿದ್ದು, ಬುಡದಲ್ಲಿ ಸೀಳಿತ್ತು. ನಟ್ ನಿರೀಕ್ಷೆಗಿಂತ ಬಹಳ ಕಡಿಮೆ ಬಲಕ್ಕೆ ಬಿಚ್ಚಿಕೊಂಡಿತು. ಈ ಮಾದರಿಯಲ್ಲಿ ನಟ್ ಬಿಗಿದಾಗ ಸ್ಪ್ರಾಕೆಟ್ಟೂ ಕಾಲರೂ ಬೇರಿಂಗಿನ ಒಳ ರೇಸಿನ (ಒಳಬಳೆಯ) ಮೇಲೆ ಒತ್ತಿ ಕೂತು, ಶಾಫ್ಟಿನ ಜೊತೆ ಒಂದೇ ತುಂಡಿನಂತೆ ತಿರುಗುತ್ತವೆ. ನಟ್ ಸಡಿಲಾದರೆ ಕಾಲರ್ ಶಾಫ್ಟಿನ ಮೇಲೆ ಅತ್ತಿತ್ತ ಅಲುಗಾಡುತ್ತದೆ. ನಿಶ್ಚಲವಾಗಿ ಒತ್ತಿಕೊಂಡಿರಲೆಂದು ಮಾಡಿದ ಓ-ರಿಂಗ್ ಉಜ್ಜಿ ಸವೆಯುತ್ತದೆ. ಬಿಚ್ಚಿ ತೆಗೆದ ಓ-ರಿಂಗ್ ದುಂಡಗಿರಲಿಲ್ಲ. ಅಡ್ಡ ಕತ್ತರಿಸಿ ನೋಡಿದರೆ ಚೌಕಾಕಾರ, ಉಗುರಿನಿಂದ ಒತ್ತಿದರೆ ತಗ್ಗದಷ್ಟು ಗಟ್ಟಿ, ಒಂದು ಬದಿಯಲ್ಲಿ ಉಜ್ಜಿದ ಹೊಳಪು.

ರಿಪೇರಿ

ನಟ್ಟನ್ನು ಚೈನ್ ಇರುವಾಗಲೇ ಸಡಿಲಿಸಬೇಕು. ಲಾಕ್ ವಾಷರಿನ ಕಿವಿ ಬಿಡಿಸಿ, ಗಾಡಿಯನ್ನು ಗೇರಿಗೆ ಹಾಕಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಿರುವಾಗ ಉದ್ದ ಹಿಡಿಯ ಸಾಕೆಟ್ ಹಾಕಿ ತಿರುಗಿಸುವುದು. ಕೆಲವು ಎಂಜಿನ್ನುಗಳಲ್ಲಿ ಇಲ್ಲಿ ಎಡಮರೆ (ಬಲಕ್ಕೆ ತಿರುಗಿಸಿದರೆ ಸಡಿಲಾಗುವ ಥ್ರೆಡ್) ಇರುತ್ತದೆ, ಮ್ಯಾನುಯಲ್ ನೋಡದೆ ಬಲ ಹಾಕಬೇಡಿ. ಆಮೇಲೆ ಎಣ್ಣೆ ಇಳಿಸಿ, ಹಿಂದಿನ ಆಕ್ಸಲ್ ಸಡಿಲಿಸಿ, ಅಡ್ಜಸ್ಟರ್ ಹಿಂದೆ ಬಿಟ್ಟು, ಸ್ಪ್ರಾಕೆಟ್ಟನ್ನು ಚೈನ್ ಸಮೇತ ಜಾರಿಸಿ ತೆಗೆಯಬಹುದು.

ಕಾಲರ್ ಎಳೆಯುವ ಮೊದಲು ಯಾವ ತುದಿ ಒಳಗೆ ಎಂದು ಗುರುತು ಮಾಡಿಕೊಳ್ಳಬೇಕು. ಓ-ರಿಂಗ್ ಕೂರಲು ಒಳತುದಿಯ ಅಂಚನ್ನು ಇಳಿಜಾರಾಗಿ ಕಡೆದಿರುತ್ತಾರೆ, ತಿರುವುಮುರುವು ಹಾಕಿದರೆ ಹೊಸ ಓ-ರಿಂಗ್ ಮೊದಲ ಸಲವೇ ಕತ್ತರಿಸಿಹೋಗುತ್ತದೆ. ಕಾಲರನ್ನು ಬರೀ ಇಕ್ಕಳದಿಂದ ಹಿಡಿದರೆ ಹೊರಮೈಯಲ್ಲಿ ಗೀರು ಬೀಳುತ್ತದೆ, ಹಳೆ ಟ್ಯೂಬಿನ ರಬ್ಬರ್ ತುಂಡು ಸುತ್ತಿ ಹಿಡಿಯಿರಿ. ಓ-ರಿಂಗನ್ನು ಸ್ಕ್ರೂಡ್ರೈವರಿನಿಂದಲ್ಲ, ಚೂಪು ಮಾಡಿದ ಬಿದಿರು ಕಡ್ಡಿಯಿಂದ ಎಬ್ಬಿಸಬೇಕು.

ಕಾಲರಿನ ಹೊರಮೈಯಲ್ಲಿ ಸೀಲಿನ ತುಟಿ ಉಜ್ಜುವ ಗೆರೆಯ ಮೇಲೆ ಉಗುರು ಎಳೆದಾಗ ಸಿಕ್ಕಿಕೊಂಡಿತು. ಸೀಲ್ ಈಗ ಸೋರುತ್ತಿಲ್ಲವಾದರೂ ಇಂಥ ಕಾಲರ್ ಮೇಲೆ ಬಹಳ ದಿನ ಬಾಳುವುದಿಲ್ಲ, ಹಾಗಾಗಿ ಕಾಲರ್ ಹೊಸದು. ಕಾಲರ್ ಸಿಗದಿದ್ದಾಗ ಸೀಲನ್ನು 1 ಮಿ.ಮೀ. ಒಳಗೋ ಹೊರಗೋ ಕೂರಿಸಿ ತುಟಿಗೆ ಹೊಸ ಜಾಗ ಕೊಡುವ ಉಪಾಯವೂ ಉಂಟು. ಕೇಸಿನಲ್ಲಿ ಅಷ್ಟು ಆಳವಿದ್ದರೆ ಮಾತ್ರ ಅದು ಸಾಧ್ಯ.

ಇದೇ ಹೊತ್ತಿಗೆ ಬೇರಿಂಗ್ ಪರೀಕ್ಷೆ. ಶಾಫ್ಟ್ ತುದಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ, ನ್ಯೂಟ್ರಲಿನಲ್ಲಿ ಕೈಯಿಂದ ತಿರುಗಿಸಿ. ಕೈಗೆ ತಿಳಿಯುವಷ್ಟು ಮೇಲೆ ಕೆಳಗೆ ಆಡಿದರೆ, ಅಥವಾ ಮರಳು ಸಿಕ್ಕಿದಂತೆ ಗರಗರ ಎಂದರೆ ಬೇರಿಂಗ್ ಹೋಗಿದೆ. ಆಗ ಯಾವ ಸೀಲೂ ನಿಲ್ಲುವುದಿಲ್ಲ, ಎಂಜಿನ್ ಇಳಿಸಿ ಕೇಸ್ ಬಿಚ್ಚುವುದೊಂದೇ ದಾರಿ. ಇಲ್ಲಿ ಪುಣ್ಯಕ್ಕೆ ಆಟವಿರಲಿಲ್ಲ, ನುಣ್ಣಗೆ ತಿರುಗಿತು. ಚೈನ್ ಹಾಗೇ ಬಿಗಿಯಾಗಿ ಇನ್ನಷ್ಟು ದಿನ ಓಡಿದ್ದರೆ ಈ ಮಾತು ಹೇಳಲು ಬರುತ್ತಿತ್ತೋ ಇಲ್ಲವೋ.

ಇಷ್ಟು ಬಿಚ್ಚಿದ ಮೇಲೆ ಸೀಲನ್ನೂ ಬದಲಿಸಿದ್ದು ಸರಿಯಾದ ನಿರ್ಧಾರ, ಹೊಸ ಕಾಲರಿಗೆ ಸವೆದ ತುಟಿ ಹೊಂದುವುದಿಲ್ಲ. ಸೀಲಿನ ಮೇಲೆ ಅಚ್ಚಾದ ಮೂರು ಸಂಖ್ಯೆಗಳು ಒಳವ್ಯಾಸ, ಹೊರವ್ಯಾಸ, ದಪ್ಪ. 30×42×7 ಎಂದಿದ್ದರೆ 30 ಮಿ.ಮೀ. ಕಾಲರಿಗೆ, 42 ಮಿ.ಮೀ. ರಂಧ್ರಕ್ಕೆ, 7 ಮಿ.ಮೀ. ದಪ್ಪದ್ದು. ಮೂರೂ ಹೊಂದದೆ ಹಾಕಬಾರದು. ಹಳೆಯದನ್ನು ತೆಗೆಯಲು ಅದರ ಮುಖಕ್ಕೆ ಸಣ್ಣ ಸ್ಕ್ರೂ ಒಂದನ್ನು ಎರಡು ಸುತ್ತು ಹೊಗಿಸಿ ಇಕ್ಕಳದಿಂದ ಎಳೆಯಬಹುದು, ಆಳಕ್ಕೆ ಹೋದರೆ ಹಿಂದೆ ಬೇರಿಂಗ್ ಇದೆ. ಕೇಸಿನ ರಂಧ್ರಕ್ಕೆ ಸ್ಕ್ರೂಡ್ರೈವರ್ ಮೀಟಿ ಗೀರು ಮಾಡಿದರೆ ಮೊದಲ ದಾರಿಯನ್ನು ನಾವೇ ತೆರೆದಂತೆ. ಕೆಲವು ಎಂಜಿನ್ನುಗಳಲ್ಲಿ ಸೀಲಿನ ಹೊರ ಏಣು ಕೇಸಿನ ಕೊರೆಯೊಳಗೆ ಕೂತಿರುತ್ತದೆ, ಅವನ್ನು ಕೇಸ್ ಬಿಚ್ಚದೆ ಸರಿಯಾಗಿ ಬದಲಿಸಲು ಬರುವುದಿಲ್ಲ.

ಹೊಸ ಸೀಲಿನ ಸ್ಪ್ರಿಂಗ್ ಇರುವ ಬದಿ ಎಣ್ಣೆಯತ್ತ, ಅಂದರೆ ಒಳಕ್ಕೆ. ತುಟಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಸೀಲಿನ ಹೊರ ಅಂಚಿಗಿಂತ ತುಸು ಸಣ್ಣದಾದ ಪಿವಿಸಿ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ, ಕೇಸಿನ ಅಂಚಿಗೆ ಸಮವಾದಾಗ ನಿಲ್ಲಿಸಬೇಕು. ಒಂದು ಬದಿ ಒಳಹೋಗಿ ವಾರೆ ಕೂತರೆ ತೆಗೆದು ಬಿಸಾಡುವುದೇ ಲೇಸು. ಶಾಫ್ಟಿನ ಸ್ಪ್ಲೈನ್ ಅಂಚುಗಳು ಬ್ಲೇಡಿನಷ್ಟು ಹರಿತ. ಅವುಗಳ ಮೇಲೆ ತೆಳುವಾದ ಟೇಪ್ ಸುತ್ತಿ, ಎಣ್ಣೆ ಸವರಿದ ಓ-ರಿಂಗನ್ನು ಅದರ ಮೇಲಿಂದ ಜಾರಿಸಿ ಒಳಗೆ ಕೂರಿಸಿ, ಟೇಪ್ ತೆಗೆದು, ಕಾಲರನ್ನು ತಿರುವುತ್ತಾ ನಿಧಾನ ತಳ್ಳಿದರೆ ಕೊನೆಯಲ್ಲಿ ಮೆತ್ತನೆಯ ತಡೆ ಕೈಗೆ ಸಿಗುತ್ತದೆ. ಓ-ರಿಂಗ್ ಹಿಡಿದುಕೊಂಡಿತೆಂಬುದಕ್ಕೆ ಅದೇ ಗುರುತು.

ಸ್ಪ್ರಾಕೆಟ್, ಹೊಸ ಲಾಕ್ ವಾಷರ್, ನಟ್. ಬಿಗಿತ ಮ್ಯಾನುಯಲ್ ಹೇಳಿದಷ್ಟು, ಟಾರ್ಕ್ ರೆಂಚಿನಲ್ಲಿ. ಇದು ಗಾಡಿಯಿಂದ ಗಾಡಿಗೆ ಬಹಳ ಬದಲಾಗುತ್ತದೆ, ಅಂದಾಜು ಬೇಡ. ನಂತರ ವಾಷರಿನ ಕಿವಿಯನ್ನು ನಟ್ಟಿನ ಚಪ್ಪಟೆ ಮುಖಕ್ಕೆ ಒತ್ತಿ ಮಡಚಬೇಕು. ಚೈನಿನ ಸಡಿಲವನ್ನು ಅತಿ ಬಿಗಿ ಜಾಗದಲ್ಲಿ 28 ಮಿ.ಮೀ.ಗೆ ಇಟ್ಟು, ಸ್ವಿಂಗ್ ಆರ್ಮಿನ ಎರಡೂ ಬದಿಯ ಗೆರೆ ಒಂದೇ ಇರುವಂತೆ ನೋಡಿಕೊಂಡು ಆಕ್ಸಲ್ ಬಿಗಿಯಲಾಯಿತು.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಜಾಸೊ ಎಂಎ2 ದರ್ಜೆಯ (ವೆಟ್ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು), ಮ್ಯಾನುಯಲ್ ಹೇಳಿದ ಗ್ರೇಡಿನ ಎಣ್ಣೆಯನ್ನು ಮೊದಲು 1 ಲೀಟರ್ ತುಂಬಿ, ಓಡಿಸಿ, ನಿಲ್ಲಿಸಿ, ಗಾಡಿಯನ್ನು ನೆಟ್ಟಗಿಟ್ಟು ಅಳೆದು ಉಳಿದದ್ದು ಸೇರಿಸಲಾಯಿತು. ಎರಡು ಗೆರೆಗಳ ನಡುವೆ ಎಣ್ಣೆ ನಿಂತರೆ ಸಾಕು. ಸೋರಿಕೆ ನಿಲ್ಲಿಸುವುದಾಗಿ ಹೇಳಿಕೊಳ್ಳುವ ಸೇರ್ಪಡೆ ದ್ರಾವಣಗಳನ್ನು ಇಂಥ ಗಾಡಿಗೆ ಹಾಕಲೇಬೇಡಿ. ಅವು ರಬ್ಬರನ್ನು ಉಬ್ಬಿಸಿ ಕೆಲಕಾಲ ಮರೆಮಾಚಬಹುದು, ಆದರೆ ಅದೇ ಎಣ್ಣೆಯಲ್ಲಿ ಕ್ಲಚ್ ಪ್ಲೇಟುಗಳೂ ಮುಳುಗಿವೆ, ಜಾರತೊಡಗಿದರೆ ಖರ್ಚು ಇನ್ನೊಂದು. ಸಿಲಿಕಾನ್ ಗಮ್ಮನ್ನು ಸೀಲಿನ ಸುತ್ತ ಬಳಿದು ಕಳಿಸುವುದೂ ಇದೇ ಜಾತಿಯ ಕೆಲಸ.

ಹಿಂದಿನ ಟೈರಿನ ಬದಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು, ಬ್ರೇಕ್ ಲೈನರಿಗೆ ಎಣ್ಣೆ ತಾಗಿದೆಯೇ ಎಂದು ಡ್ರಮ್ ಬಿಚ್ಚಿ ನೋಡಲಾಯಿತು. ತಾಗಿರಲಿಲ್ಲ. ತಾಗಿದ್ದರೆ ತೊಳೆದು ಹಾಕುವಂತಿಲ್ಲ, ಹೊಸದೇ ಬೇಕು.

ಖಚಿತಪಡಿಸಿಕೊಂಡದ್ದು

ಕವರಿನೊಳಗೆ ಮತ್ತೆ ಪೌಡರ್ ಊದಿ, ಸೈಡ್ ಸ್ಟ್ಯಾಂಡಿನಲ್ಲೇ ರಾತ್ರಿ ನಿಲ್ಲಿಸಲಾಯಿತು. ಸೋರುತ್ತಿದ್ದ ಸ್ಥಿತಿಯಲ್ಲೇ ಪರೀಕ್ಷಿಸಬೇಕು, ಸೆಂಟರ್ ಸ್ಟ್ಯಾಂಡಿನಲ್ಲಿ ಮೊದಲೂ ಸೋರುತ್ತಿರಲಿಲ್ಲವಲ್ಲ. ಕಾಗದ ಒಣಗಿತ್ತು. 10 ಕಿ.ಮೀ.ಗೆ, ಮತ್ತೆ 100 ಕಿ.ಮೀ.ಗೆ ಕವರ್ ತೆಗೆದಾಗ ಕಾಲರ್ ಮತ್ತು ಸ್ಪ್ರಾಕೆಟ್ ನಡುವಿನ ಸಂದು ಬಿಳಿಯಾಗೇ ಇತ್ತು, ಹಲ್ಲುಗಳ ಬಳಿ ಚೈನ್ ಲೂಬ್ ಸಿಡಿದ ಚುಕ್ಕೆಗಳಷ್ಟೇ ಇದ್ದವು. 600 ಕಿ.ಮೀ. ಆದ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿದಾಗ ಡಿಪ್‌ಸ್ಟಿಕ್ಕಿನ ಮಟ್ಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ನಟ್ ಸಡಿಲಾಗಿದೆಯೇ ಎಂದು ತಿಳಿಯಲು ಬಣ್ಣದ ಗೆರೆಯನ್ನು ನಟ್ಟಿಗೂ ಕೇಸಿಗೂ ಅಲ್ಲ, ನಟ್ಟಿಗೂ ಶಾಫ್ಟಿನ ತುದಿಗೂ ಎಳೆಯಬೇಕು, ಏಕೆಂದರೆ ಶಾಫ್ಟ್ ತಿರುಗುತ್ತದೆ, ಕೇಸ್ ತಿರುಗುವುದಿಲ್ಲ. ಹಾಗೆ ಎಳೆದ ಗೆರೆ ಇದ್ದಲ್ಲೇ ಇತ್ತು.

ಬೇರೆ ಬಗೆಯ ಗಾಡಿಗಳಲ್ಲಿ

ಇದೇ ದೂರು ಎರಡು ಸ್ಟ್ರೋಕ್ ಎಂಜಿನ್ನಿನಿಂದ ಬಂದರೆ ಹುಡುಕಾಟ ಬೇರೆ ದಿಕ್ಕಿಗೆ ತಿರುಗುತ್ತದೆ. ಅಲ್ಲಿ ಗೇರ್ ಬಾಕ್ಸಿನ ಎಣ್ಣೆ ನಿಜವಾಗಿಯೂ ಪ್ರತ್ಯೇಕ. ನೆಲದ ಮೇಲೆ ಒಂದು ತೊಟ್ಟೂ ಇಲ್ಲದೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದು, ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಸೋತು ಎಂಜಿನ್ನೇ ಆ ಎಣ್ಣೆಯನ್ನು ಹೀರಿ ಉರಿಸುತ್ತಿದೆ. ಬೆಲ್ಟ್ ಇರುವ ಗೇರ್‌ಲೆಸ್ ಸ್ಕೂಟರುಗಳಲ್ಲಿ ಹಿಂದಿನ ಚಕ್ರದ ಗೇರ್ ಕೇಸಿಗೆ ಹಾಕುವ ಎಣ್ಣೆ ಹೆಚ್ಚಿನವುಗಳಲ್ಲಿ 100–120 ಮಿ.ಲೀ. ಅಷ್ಟೇ, ಆದ್ದರಿಂದ ಅಲ್ಲಿ ಸಣ್ಣ ಸೋರಿಕೆಯೂ ಬೇಗ ಗೇರ್ ತಿನ್ನುತ್ತದೆ. ಆ ಕೇಸಿನ ಚಕ್ರದ ಬದಿಯ ಸೀಲ್ ಹೋದರೆ ಎಣ್ಣೆ ನೇರ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ, ಸೋರಿಕೆ ನೆಲದಲ್ಲಿ ಕಾಣುವ ಮೊದಲು ಬ್ರೇಕ್ ಹಿಡಿಯದಿರುವುದರಿಂದ ಗೊತ್ತಾಗುತ್ತದೆ. ಶಾಫ್ಟ್ ಡ್ರೈವ್ ಗಾಡಿಗಳಲ್ಲಿ ಹಿಂದಿನ ಡ್ರೈವಿಗೆ ಹೈಪಾಯ್ಡ್ ಗೇರ್ ಆಯಿಲ್ ಇರುತ್ತದೆ, ಅದರ ಗಂಧಕದ ಘಾಟು ಎಂಜಿನ್ ಆಯಿಲ್ಲಿಗಿಲ್ಲ. ಮೂಸಿ ನೋಡಿದರೆ ಯಾವ ಕೇಸಿನದೆಂದು ತಿಳಿಯುತ್ತದೆ.